ಚಳಿಯ ದಾರಿ, ಬಿಸಿಲಿನ ದಾರಿ: ಕಾಂತೀಯ ಟೋಪಾಲಜಿಕಲ್ ಪದರಗಳ ಒಂದು ಸಮೀಕ್ಷೆ

1995ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಗದೀಶ್ ಮೂಡೇರ ಮತ್ತು ಸಂಗಡಿಗರು ಒಂದು ಸಣ್ಣ ಜೋಡಣೆ ಮಾಡಿದರು. ಕೆಳಗೊಂದು ಕಾಂತಲೋಹ, ಮೇಲೊಂದು ಕಾಂತಲೋಹ, ನಡುವೆ ಕೆಲವೇ ಪರಮಾಣುಗಳಷ್ಟು ದಪ್ಪದ ಅಲ್ಯೂಮಿನಿಯಂ ಆಕ್ಸೈಡಿನ ಪೊರೆ. ಎರಡೂ ಕಾಂತಗಳು ಒಂದೇ ದಿಕ್ಕಿಗೆ ಮುಖ ಮಾಡಿದ್ದಾಗ ಪೊರೆಯನ್ನು ದಾಟುವ ವಿದ್ಯುತ್ತು ಹೆಚ್ಚು, ಎದುರುಬದುರಾದಾಗ ಕಡಿಮೆ. ಈ ವ್ಯತ್ಯಾಸವನ್ನು ಅವರು ಕೋಣೆಯ ಉಷ್ಣತೆಯಲ್ಲೇ ಸುಮಾರು ಶೇ. 12ರಷ್ಟು ಅಳೆದರು. ಅದೇ ವರ್ಷ ಜಪಾನಿನಲ್ಲಿ ತೆರುನೊಬು ಮಿಯಾಝಾಕಿ ತಂಡವೂ ಇಂಥದೇ ಫಲಿತಾಂಶ ಕಂಡಿತು. ಮೂಡೇರ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮದ್ರಾಸಿನ ಐಐಟಿಯಲ್ಲಿ ಪಿಎಚ್‌ಡಿ ಮಾಡಿ ಹೋದವರು. 2009ರಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿಯ ಬಕ್ಲಿ ಪ್ರಶಸ್ತಿ ಅವರಿಗೂ ಮಿಯಾಝಾಕಿಗೂ, ಈ ವಿದ್ಯೆಗೆ ಬುನಾದಿ ಹಾಕಿದ್ದ ಮೆಸರ್ವೆ, ಟೆಡ್ರೋ ಅವರಿಗೂ ಒಟ್ಟಿಗೆ ಬಂತು. ಗಣಕದ ಹಾರ್ಡ್ ಡಿಸ್ಕಿನ ಓದುವ ತಲೆ, ವಿದ್ಯುತ್ತು ಹೋದರೂ ಮರೆಯದ ಕಾಂತೀಯ ಮೆಮರಿ, ಎರಡೂ ಈ ವಂಶದವು.

ಓದುವ ಸಮಸ್ಯೆ ಹೀಗೆ ಬಗೆಹರಿಯಿತು. ಬರೆಯುವ ಸಮಸ್ಯೆ ಉಳಿಯಿತು. ಮೆಮರಿಯ ಒಂದು ಅಂಶವನ್ನು ಸೊನ್ನೆಯಿಂದ ಒಂದಕ್ಕೆ ತಿರುಗಿಸಬೇಕಾದರೆ ಅದರೊಳಗಿನ ಪುಟ್ಟ ಕಾಂತದ ಮುಖ ಹೊರಳಬೇಕು. ಇವತ್ತಿನ ಮೆಮರಿಗಳಲ್ಲಿ ಅದಕ್ಕಾಗಿ ಆ ತೆಳುಪೊರೆಯ ಮೂಲಕವೇ ಜೋರಾಗಿ ವಿದ್ಯುತ್ತು ಹರಿಸುತ್ತಾರೆ. ಪೊರೆ ಸವೆಯುತ್ತದೆ, ಶಕ್ತಿ ಖರ್ಚಾಗುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಕಾಂತದ ಅಡಿಯಲ್ಲಿ ಬೇರೊಂದು ಪದರವಿಟ್ಟು, ವಿದ್ಯುತ್ತನ್ನು ಅದರಲ್ಲಿ ಅಡ್ಡಲಾಗಿ ಹರಿಸುವುದು. ಇಲೆಕ್ಟ್ರಾನಿಗೆ ವಿದ್ಯುದಂಶದ ಜೊತೆಗೆ ಗಿರಕಿಯೂ (ಸ್ಪಿನ್) ಇದೆಯಲ್ಲ, ಕೆಲವು ವಸ್ತುಗಳಲ್ಲಿ ಹರಿವಿಗೆ ಅಡ್ಡಲಾಗಿ ಒಂದು ಬಗೆಯ ಗಿರಕಿಯ ಇಲೆಕ್ಟ್ರಾನುಗಳು ಮೇಲೆ, ಇನ್ನೊಂದು ಬಗೆಯವು ಕೆಳಗೆ ಸೇರುತ್ತವೆ. ಮೇಲೆ ಸೇರಿದವು ಕಾಂತಕ್ಕೆ ತಿರುಚುಬಲ ಕೊಡುತ್ತವೆ. ಹರಿಸಿದ ವಿದ್ಯುತ್ತು ಹೀಗೆ ತಿರುಚುಬಲವಾಗುವ ದಕ್ಷತೆ ಪ್ಲಾಟಿನಂನಲ್ಲಿ ಸುಮಾರು 0.1, ಟಂಗ್‌ಸ್ಟನ್ನಿನ ಒಂದು ರೂಪದಲ್ಲಿ 0.3. ಒಂದನ್ನು ದಾಟುವ ವಸ್ತು ಯಾವುದು ಎಂಬ ಹುಡುಕಾಟವೇ ಹಲವರನ್ನು ಟೋಪಾಲಜಿಕಲ್ ಇನ್ಸುಲೇಟರುಗಳ ಬಾಗಿಲಿಗೆ ಕರೆತಂದಿತು.

ಈ ವಸ್ತುಗಳ ಒಡಲು ವಿದ್ಯುತ್ತನ್ನು ಬಿಡುವುದಿಲ್ಲ, ಮೈ ಮಾತ್ರ ಬಿಡುತ್ತದೆ. ಮೈಮೇಲೆ ಒಂದಿಷ್ಟು ಲೋಹ ಬಳಿದ ಹಾಗಲ್ಲ ಇದು. ಒಡಲೊಳಗಿನ ಇಲೆಕ್ಟ್ರಾನುಗಳ ಶಕ್ತಿಪಟ್ಟಿಗಳು ತಲೆಕೆಳಗಾಗಿ ಹೆಣೆದುಕೊಂಡಿರುವುದರಿಂದ ಅಂಚಿನಲ್ಲಿ ವಾಹಕ ಸ್ಥಿತಿ ಹುಟ್ಟಲೇಬೇಕು. ಮೈಯನ್ನು ಕೆರೆದರೂ ಕೆಳಗಿನ ಹೊಸ ಮೈಯಲ್ಲಿ ಅದು ಮತ್ತೆ ಮೂಡುತ್ತದೆ. ಆ ಮೈಯ ಇಲೆಕ್ಟ್ರಾನುಗಳಲ್ಲಿ ಓಡುವ ದಿಕ್ಕಿಗೂ ಗಿರಕಿಯ ದಿಕ್ಕಿಗೂ ಬಿಡಿಸಲಾರದ ಗಂಟು: ಬಲಕ್ಕೆ ಓಡುವುದರ ಗಿರಕಿ ಒಂದು ಕಡೆ, ಎಡಕ್ಕೆ ಓಡುವುದರದು ಅದರ ವಿರುದ್ಧ. 2005ರಲ್ಲಿ ಕೇನ್ ಮತ್ತು ಮೆಲೆ ಇದರ ಗಣಿತ ಬರೆದರು. 2007ರಲ್ಲಿ ಜರ್ಮನಿಯ ವ್ಯುರ್ತ್ಸ್‌ಬುರ್ಗ್‌ನಲ್ಲಿ ಮೋಲೆನ್‌ಕಾಂಪ್ ತಂಡ ಪಾದರಸದ ಟೆಲ್ಲುರೈಡ್ ಪದರದಲ್ಲಿ ಅದನ್ನು ಕಂಡಿತು. 2009ರ ಹೊತ್ತಿಗೆ ಬಿಸ್ಮತ್ ಸೆಲೆನೈಡ್, ಬಿಸ್ಮತ್ ಟೆಲ್ಲುರೈಡ್, ಆಂಟಿಮನಿ ಟೆಲ್ಲುರೈಡ್ ಎಂಬ ಮೂವರು ಅಣ್ಣತಮ್ಮಂದಿರು ಗುರುತಾದರು. ಇವು ಹೊಸ ವಸ್ತುಗಳೇನೂ ಅಲ್ಲ. ಬಿಸಿಯಿಂದ ವಿದ್ಯುತ್ತು ಪಡೆಯುವ ಸಾಧನಗಳಲ್ಲಿ ಟೆಲ್ಲುರೈಡುಗಳು ಮೊದಲಿನಿಂದಲೂ ಬಳಕೆಯಲ್ಲಿದ್ದವು.

ಇಂಥ ಮೈಗೆ ಕಾಂತತ್ವವನ್ನು ಕೂಡಿಸಿದರೆ ಏನಾಗುತ್ತದೆ? ಇಲ್ಲಿಂದ ದಾರಿ ಎರಡಾಗಿ ಒಡೆಯುತ್ತದೆ. ಒಂದು ಕಡುಚಳಿಯ ದಾರಿ. ಕಾಂತತ್ವವನ್ನು ಹರಳಿನೊಳಗೇ ಸೇರಿಸಿ, ಎಲ್ಲ ವಾಹಕತೆಯನ್ನೂ ಒಂದೇ ಅಂಚಿಗೆ ಓಡಿಸಿ, ನಷ್ಟವಿಲ್ಲದ ಹರಿವನ್ನು ಪಡೆಯುವುದು ಅದರ ಗುರಿ. ಇನ್ನೊಂದು ಬಿಸಿಲಿನ ದಾರಿ. ಕಾಂತವನ್ನು ಮೇಲೆ ಬೇರೆ ಪದರವಾಗಿಟ್ಟು, ಮೈಯ ಗಿರಕಿಯಿಂದ ಅದನ್ನು ಹೊರಳಿಸುವುದು ಅದರ ಕೆಲಸ. ಪತ್ರಿಕೆಗಳ ಸುದ್ದಿಯಲ್ಲಿ ಎರಡೂ ಒಂದೇ ಹೆಸರಿನಲ್ಲಿ ಬರುತ್ತವೆ. ಆದರೆ ಪದರವನ್ನು ಬೆಳೆಸುವವರಿಗೆ ಎರಡೂ ಕೇಳುವ ಶುದ್ಧಿ ಬೇರೆ, ಯಂತ್ರ ಬೇರೆ, ತಾಳ್ಮೆ ಬೇರೆ. ಪದರ ಎಷ್ಟರ ಮಟ್ಟಿಗೆ ನಿರ್ದೋಷವಾಗಿರಬೇಕು ಎಂಬುದೇ ಈ ಇಡೀ ಕ್ಷೇತ್ರದ ನಿಜವಾದ ಪ್ರಶ್ನೆ ಎಂದು ನನಗೆ ತೋರುತ್ತದೆ. ಆ ಪ್ರಶ್ನೆಗೆ ಬೆಂಗಳೂರಿನಿಂದ ಬಂದ ಉತ್ತರಕ್ಕೆ ಸಿಗಬೇಕಾದ ಗಮನ ನಮ್ಮಲ್ಲಿ ಸಿಕ್ಕಿಲ್ಲ.

ಮೊದಲು ಚಳಿಯ ದಾರಿ. ಹೊರಗಿನ ಕಾಂತಕ್ಷೇತ್ರವಿಲ್ಲದೆಯೂ ಕ್ವಾಂಟಂ ಹಾಲ್ ಪರಿಣಾಮ ಸಾಧ್ಯ ಎಂದು 1988ರಲ್ಲಿ ಡಂಕನ್ ಹಾಲ್ಡೇನ್ ಲೆಕ್ಕದಲ್ಲಿ ತೋರಿಸಿದ್ದರು. 2016ರ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. 2010ರಲ್ಲಿ ಚೀನಾದ ಮತ್ತು ಸ್ಟ್ಯಾನ್‌ಫರ್ಡ್‌ನ ಸಿದ್ಧಾಂತಿಗಳು, ಮೇಲೆ ಹೇಳಿದ ಬಿಸ್ಮತ್ ಕುಟುಂಬದ ತೆಳುಪದರಕ್ಕೆ ಕ್ರೋಮಿಯಂ ಅಥವಾ ಕಬ್ಬಿಣದ ಪರಮಾಣು ಬೆರೆಸಿದರೆ ಅದು ಕಾಣಬೇಕು ಎಂದರು. ಮೈಯ ವಾಹಕ ಸ್ಥಿತಿಯಲ್ಲಿ ಕಾಂತತ್ವ ಶಕ್ತಿಯ ಒಂದು ಬಿರುಕು ಬಿಡಿಸುತ್ತದೆ. ಮೇಲ್ಮೈ, ಕೆಳಮೈ ಎರಡೂ ಮುಚ್ಚಿಹೋಗಿ, ಅಂಚಿನಲ್ಲಿ ಮಾತ್ರ ಒಂದೇ ದಿಕ್ಕಿನ ಓಟ ಉಳಿಯುತ್ತದೆ. ಆಗ ಹಾಲ್ ರೋಧ, ಎಂದರೆ ಹರಿವಿಗೆ ಅಡ್ಡಲಾಗಿ ಅಳೆದ ರೋಧ, 25,812.8 ಓಮ್‌ಗೆ ಬಂದು ನಿಲ್ಲಬೇಕು. ಈ ಸಂಖ್ಯೆ ಪ್ಲಾಂಕ್ ನಿಯತಾಂಕ ಮತ್ತು ಇಲೆಕ್ಟ್ರಾನಿನ ವಿದ್ಯುದಂಶಗಳಿಂದಷ್ಟೇ ಬರುತ್ತದೆ. ಪದರದ ಅಗಲ, ಉದ್ದ ಯಾವುದನ್ನೂ ಅದು ಕೇಳುವುದಿಲ್ಲ.

2013ರಲ್ಲಿ ಬೀಜಿಂಗಿನ ತ್ಸಿಂಗ್ಹುವಾ ವಿಶ್ವವಿದ್ಯಾಲಯದ ಶ್ವೆ ಚಿಕುನ್ ತಂಡ ಅದನ್ನು ಅಳೆದು ತೋರಿಸಿತು. ಪದರದ ದಪ್ಪ ಸುಮಾರು 5 ನ್ಯಾನೋಮೀಟರ್, ಉಷ್ಣತೆ 30 ಮಿಲಿಕೆಲ್ವಿನ್, ಎಂದರೆ ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ನೂರರಲ್ಲಿ ಮೂರು ಭಾಗದಷ್ಟು ಮೇಲೆ. ಅಲ್ಲಿಗೆ ತಲುಪುವ ಮುನ್ನ ಆ ತಂಡ ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಬೆಳೆಸಿ ನೋಡಿತ್ತು. ಸಿದ್ಧಾಂತ ಬಂದು ಮೂರು ವರ್ಷ ತಡವಾಯಿತೇಕೆ ಎಂದರೆ ಆ ಸಾವಿರ ಮಾದರಿಗಳೇ ಉತ್ತರ.

ಬೆಳೆಸುವುದು ಎಂದರೇನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಆಣವಿಕ ಕಿರಣ ವಿಧಾನದಲ್ಲಿ ಒಂದು ಉಕ್ಕಿನ ಕೊಠಡಿಯೊಳಗೆ ವಾಯುಮಂಡಲದ ಒತ್ತಡದ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಗಾಳಿ ಉಳಿಯುವ ಹಾಗೆ ನಿರ್ವಾತ ಮಾಡುತ್ತಾರೆ. ಒಳಗೆ ಬಿಸ್ಮತ್, ಆಂಟಿಮನಿ, ಟೆಲ್ಲೂರಿಯಂ, ಕ್ರೋಮಿಯಂ ಒಂದೊಂದಕ್ಕೂ ಒಂದೊಂದು ಕಾಯಿಸಿದ ಮೂಸೆ. ಮೂಸೆಯ ಬಾಯಿ ತೆರೆದರೆ ಪರಮಾಣುಗಳು ಆವಿಯಾಗಿ ನೇರವಾಗಿ ಹೊರಟು, 200ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಹರಳು ಬಿಲ್ಲೆಯ ಮೇಲೆ ಇಳಿಯುತ್ತವೆ. ನಮ್ಮ ಇಂಡಿ, ಸಿಂದಗಿ ಕಡೆ ಹಿಂಗಾರಿ ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಜೋಳ ಹಾಕುವ ಹೆಣ್ಣುಮಗಳ ಕೈಯಲ್ಲಿ ಆ ಹೊಲದ ಬೆಳೆ ಇರುತ್ತದೆ. ಕೈ ಬಿರುಸಾದರೆ ಒತ್ತಾಗುತ್ತದೆ, ತಡವಾದರೆ ಸಾಲು ಖಾಲಿ ಬೀಳುತ್ತದೆ, ಅಕ್ಕಡಿ ಸಾಲಿನ ಕಾಳು ಬೇರೆ ಲೆಕ್ಕದಲ್ಲಿ ಬೀಳಬೇಕು. ಈ ಕೊಠಡಿಯಲ್ಲೂ ಕೆಲಸ ಹಾಗೆಯೇ: ಒಂದು ಬಿಸ್ಮತ್ ಪರಮಾಣುವಿಗೆ ಹತ್ತಕ್ಕಿಂತ ಹೆಚ್ಚು ಟೆಲ್ಲೂರಿಯಂ ಕಳಿಸುತ್ತಾರೆ, ಯಾಕೆಂದರೆ ಟೆಲ್ಲೂರಿಯಂ ಬೇಗ ಹಾರಿಹೋಗುತ್ತದೆ. ಬೇಕಾದಷ್ಟು ಕೂಡಿಕೊಂಡು, ಉಳಿದದ್ದು ಬಿಲ್ಲೆಯ ಬಿಸಿಗೆ ಮರಳಿ ಹೋಗುತ್ತದೆ. ಐದು ಪರಮಾಣು ಹಾಳೆಗಳ ಒಂದೊಂದು ಕಟ್ಟು, ಸುಮಾರು ಒಂದು ನ್ಯಾನೋಮೀಟರ್ ದಪ್ಪದ್ದು, ಒಂದರ ಮೇಲೊಂದು ಕೂರುತ್ತದೆ. ಕಟ್ಟುಕಟ್ಟಿನ ನಡುವಿನ ಬಂಧ ಸಡಿಲ. ಆದ್ದರಿಂದ ಅಡಿಯ ಬಿಲ್ಲೆಯ ಪರಮಾಣು ಜೋಡಣೆ ಪೂರ್ತಿ ಹೊಂದದಿದ್ದರೂ ನಡೆಯುತ್ತದೆ. ನೀಲಮಣಿ, ಸಿಲಿಕಾನ್, ಗ್ಯಾಲಿಯಂ ಆರ್ಸೆನೈಡ್, ಸ್ಟ್ರಾಂಷಿಯಂ ಟೈಟನೇಟ್ ಎಲ್ಲದರ ಮೇಲೂ ಬೆಳೆದಿದ್ದಾರೆ.

ಕಷ್ಟ ಇರುವುದು ಒಡಲನ್ನು ನಿಜವಾಗಿ ಅವಾಹಕ ಮಾಡುವುದರಲ್ಲಿ. ಬಿಸ್ಮತ್ ಸೆಲೆನೈಡಿನಲ್ಲಿ ಸೆಲೆನಿಯಂ ಪರಮಾಣುಗಳು ಅಲ್ಲಲ್ಲಿ ಜಾಗ ಖಾಲಿ ಬಿಟ್ಟು ಹೋಗುತ್ತವೆ. ಒಂದೊಂದು ಖಾಲಿ ಜಾಗವೂ ಒಡಲಿಗೆ ಇಲೆಕ್ಟ್ರಾನು ಕೊಟ್ಟು, ಅವಾಹಕವಾಗಬೇಕಾದ ವಸ್ತುವನ್ನು ವಾಹಕ ಮಾಡಿಬಿಡುತ್ತದೆ. ಆಗ ಮೈಯ ಹರಿವು ಒಡಲಿನ ಹರಿವಿನಲ್ಲಿ ಮುಳುಗಿಹೋಗುತ್ತದೆ. ಬಿಸ್ಮತ್ ಟೆಲ್ಲುರೈಡಿನಲ್ಲಿ ಇಲೆಕ್ಟ್ರಾನುಗಳ ಹೆಚ್ಚಳ, ಆಂಟಿಮನಿ ಟೆಲ್ಲುರೈಡಿನಲ್ಲಿ ಕೊರತೆ. ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಸಮ ಮಾಡುವ ಉಪಾಯ 2011ರಲ್ಲಿ ಸಿಕ್ಕಿತು. 2013ರ ಗೆಲುವಿನ ಹಿಂದೆ ಇರುವುದು ಈ ಬೆರಕೆಯೇ. ಬೆಳೆಸಿದ ಮೇಲೂ ನೆಮ್ಮದಿಯಿಲ್ಲ. ಗಾಳಿಗೆ ತೆರೆದರೆ ಮೈ ಹಾಳಾಗುತ್ತದೆ, ಕೊಠಡಿಯೊಳಗೇ ಟೆಲ್ಲೂರಿಯಂ ಅಥವಾ ಅಲ್ಯೂಮಿನಿಯಂ ಹೊದಿಕೆ ಹಾಕಿ ಹೊರತೆಗೆಯಬೇಕು.

ಮುಂದಿನ ಹೆಜ್ಜೆಯಲ್ಲಿ ಮತ್ತೆ ಮೂಡೇರ ಬರುತ್ತಾರೆ. ತ್ಸಿಂಗ್ಹುವಾದಲ್ಲಿ ಆ ಮೊದಲ ಪದರಗಳನ್ನು ಬೆಳೆಸಿದ್ದ ತರುಣ ಚಾಂಗ್ ತ್ಸುಯಿತ್ಸು ಎಂಐಟಿಗೆ ಬಂದು ಮೂಡೇರ ಅವರ ಗುಂಪು ಸೇರಿದರು. ಕ್ರೋಮಿಯಂ ಬದಲು ವನೇಡಿಯಂ ಬೆರೆಸಿದರು. 2015ರಲ್ಲಿ ಪ್ರಕಟವಾದ ಆ ಅಳತೆಯಲ್ಲಿ ಹೊರಗಿನ ಕಾಂತಕ್ಷೇತ್ರ ಸೊನ್ನೆಯಾಗಿದ್ದಾಗಲೇ ಹಾಲ್ ರೋಧ ನಿಯತ ಬೆಲೆಯ 0.9998ರಷ್ಟಿತ್ತು. ವನೇಡಿಯಂ ಬೆರೆತ ಪದರ ಗಟ್ಟಿ ಕಾಂತ, ಅದನ್ನು ಹೊರಳಿಸಲು ಸುಮಾರು 1 ಟೆಸ್ಲಾ ಕ್ಷೇತ್ರ ಬೇಕು. ಆದರೆ ಅಳತೆಯ ಉಷ್ಣತೆ 25 ಮಿಲಿಕೆಲ್ವಿನ್.

ಒಗಟು ಇರುವುದು ಇಲ್ಲಿಯೇ. ಈ ಪದರಗಳ ಕಾಂತತ್ವ ಅಳಿಯುವುದು 20 ಕೆಲ್ವಿನ್ ಆಸುಪಾಸಿನಲ್ಲಿ. ಕ್ವಾಂಟಂ ಪರಿಣಾಮ ಮಾತ್ರ ಅದಕ್ಕಿಂತ ನೂರಾರು ಪಟ್ಟು ತಣ್ಣಗಾದಾಗಲೇ ನೆಟ್ಟಗೆ ಕಾಣುತ್ತದೆ. ನಡುವಿನದು ಎಲ್ಲಿ ಸೋರಿಹೋಯಿತು? 2015ರಲ್ಲೇ ಇಸ್ರೇಲಿನ ಎಲಿ ಝೆಲ್ಡೋವ್ ತಂಡ ಸೂಜಿಮೊನೆಯ ಅತಿಸೂಕ್ಷ್ಮ ಕಾಂತಮಾಪಕದಿಂದ ಕ್ರೋಮಿಯಂ ಪದರವನ್ನು ಹುಡುಕಿ ನೋಡಿತು. ಪದರ ಒಂದೇ ಕಾಂತವಾಗಿರಲಿಲ್ಲ. ಹತ್ತಾರು ನ್ಯಾನೋಮೀಟರಿನ ಕಾಂತದ್ವೀಪಗಳು ತಮ್ಮಷ್ಟಕ್ಕೆ ತಾವು ಹೊರಳುತ್ತಿದ್ದವು. ಅದೇ ಕಾಲಕ್ಕೆ ಸುರಂಗ ಸೂಕ್ಷ್ಮದರ್ಶಕದ ಅಳತೆಗಳೂ ಮೈಯ ಬಿರುಕು ಜಾಗದಿಂದ ಜಾಗಕ್ಕೆ ಹಿಗ್ಗಿ ಕುಗ್ಗುವುದನ್ನು ತೋರಿಸಿದವು. ಬೆರೆಸಿದ ಪರಮಾಣುಗಳು ಎಲ್ಲಿ ಬೇಕೋ ಅಲ್ಲಿ ಕೂರುವುದಿಲ್ಲ. ಬಿರುಕು ತೀರ ಕಿರಿದಾದ ಮೂಲೆಯೇ ಇಡೀ ಪದರದ ಉಷ್ಣತೆಯ ಮಿತಿಯನ್ನು ತೀರ್ಮಾನಿಸುತ್ತದೆ.

ಹಾಗಾದರೆ ಬೆರಕೆಯನ್ನು ಪಳಗಿಸೋಣ, ಇಲ್ಲವೇ ಬಿಟ್ಟೇಬಿಡೋಣ ಎಂದು ಮೂರು ಬಗೆಯ ಯತ್ನ ನಡೆದಿದೆ. ಜಪಾನಿನ ಗುಂಪೊಂದು ಕ್ರೋಮಿಯಮ್ಮನ್ನು ಇಡೀ ಪದರಕ್ಕೆ ಹರಡದೆ, ಮೇಲ್ಮೈ ಕೆಳಮೈಗಳ ಬಳಿ ಒತ್ತಾಗಿ ಇಟ್ಟು, ಪರಿಣಾಮವನ್ನು ಸುಮಾರು 2 ಕೆಲ್ವಿನ್‌ವರೆಗೆ ಎಳೆದು ತಂದಿತು. ಇದು ಗಟ್ಟಿಯಾದ ಮುನ್ನಡೆ. ಎರಡನೆಯದು ನೆರೆಹೊರೆಯ ಉಪಾಯ: ಟೋಪಾಲಜಿಕಲ್ ಪದರವನ್ನು ಶುದ್ಧವಾಗಿಟ್ಟು, ಪಕ್ಕದಲ್ಲಿ ಒಂದು ಕಾಂತೀಯ ಅವಾಹಕವನ್ನು ಕೂರಿಸಿ, ಕಾಂತತ್ವ ಗಡಿ ದಾಟಿ ಬರಲಿ ಎಂದು ಬಯಸುವುದು. ಮೂಡೇರ ಗುಂಪು 2013ರಲ್ಲಿ ಯುರೋಪಿಯಂ ಸಲ್ಫೈಡನ್ನು ಬಿಸ್ಮತ್ ಸೆಲೆನೈಡಿಗೆ ಅಂಟಿಸಿ ಇದನ್ನು ಶುರುಮಾಡಿತು. 2016ರಲ್ಲಿ ಅದೇ ಗುಂಪು, ಯುರೋಪಿಯಂ ಸಲ್ಫೈಡಿನ ಸ್ವಂತ ಕಾಂತತ್ವ 17 ಕೆಲ್ವಿನ್ ಸುಮಾರಿಗೆ ಅಳಿದರೂ ಗಡಿಯಲ್ಲಿ ಮಾತ್ರ ಕೋಣೆಯ ಉಷ್ಣತೆವರೆಗೂ ಕಾಂತತ್ವ ಉಳಿಯುತ್ತದೆ ಎಂದು ನ್ಯೂಟ್ರಾನ್ ಕಿರಣದ ಅಳತೆಯಿಂದ ಹೇಳಿತು. ದೊಡ್ಡ ಮಾತದು. 2020ರಲ್ಲಿ ಫಿಗೇರೋವಾ ಮತ್ತು ಸಂಗಡಿಗರು ಎಕ್ಸ್‌ಕಿರಣಗಳಿಂದ ಇಂಥದೇ ಗಡಿಗಳನ್ನು ಪರೀಕ್ಷಿಸಿ, ತಮಗೆ ಅಂಥ ಕಾಂತತ್ವ ಕಾಣಲಿಲ್ಲ ಎಂದು ಬರೆದರು. ಎರಡೂ ಗುಂಪುಗಳು ಒಂದೇ ಪದರವನ್ನು ಅಳೆದದ್ದಲ್ಲ. ಒಬ್ಬರು ಬೆಳೆಸಿದ ಮಾದರಿ ಇನ್ನೊಬ್ಬರ ಮಾಪಕಕ್ಕೆ ಹೋಗಿ ಕೂರುವವರೆಗೆ ಈ ವಾದಕ್ಕೆ ತೆರೆ ಬೀಳಲಾರದು. ನನ್ನ ಮಟ್ಟಿಗೆ ಇದು ಇನ್ನೂ ತೆರೆದ ಪ್ರಶ್ನೆ. ಇದರ ಜೊತೆಗೆ ಥುಲಿಯಂ ಕಬ್ಬಿಣದ ಗಾರ್ನೆಟ್ ಮೇಲೆ ಬೆಳೆದ ಪದರದಲ್ಲಿ 400 ಕೆಲ್ವಿನ್‌ವರೆಗೂ ಕಾಂತೀಯ ಹಾಲ್ ಸಂಕೇತ ಸಿಕ್ಕ 2017ರ ವರದಿಯೂ ಇದೆ. ಅದು ಭರವಸೆ ಹುಟ್ಟಿಸುತ್ತದೆ, ಆದರೆ ಅಲ್ಲಿನ ಸಂಕೇತ ನಿಯತ ಬೆಲೆಯಿಂದ ಬಹಳ ದೂರ.

ಮೂರನೆಯದು ಕಾಂತತ್ವವೇ ಹುಟ್ಟುಗುಣವಾಗಿರುವ ಹರಳು: ಮ್ಯಾಂಗನೀಸ್ ಬಿಸ್ಮತ್ ಟೆಲ್ಲುರೈಡ್. ಇಲ್ಲಿ ಐದು ಹಾಳೆಗಳ ಕಟ್ಟಿನ ನಡುವೆ ಮ್ಯಾಂಗನೀಸ್ ಮತ್ತು ಟೆಲ್ಲೂರಿಯಂ ಹಾಳೆಗಳು ಸೇರಿ ಏಳು ಹಾಳೆಗಳ ಕಟ್ಟಾಗುತ್ತದೆ. ಬಿಸ್ಮತ್ ಟೆಲ್ಲುರೈಡಿಗೆ ಮ್ಯಾಂಗನೀಸ್ ಬೆರೆಸಲು ಹೊರಟವರ ಪದರಗಳಲ್ಲಿ ಈ ಏಳರ ಕಟ್ಟು ತಾನಾಗಿಯೇ ಏರ್ಪಟ್ಟದ್ದೂ ಉಂಟು. 2019ರಲ್ಲಿ ಒಟ್ರೋಕೋವ್ ಮೊದಲಾದವರು ಇದನ್ನು ಜಗತ್ತಿನ ಮುಂದಿಟ್ಟರು. 2020ರಲ್ಲಿ ಚೀನಾದ ತಂಡವೊಂದು ಹರಳಿನಿಂದ ಸುಲಿದ ಐದು ಕಟ್ಟಿನ ಚೂರಿನಲ್ಲಿ 1.4 ಕೆಲ್ವಿನ್‌ನಲ್ಲಿ ಕ್ವಾಂಟಂ ಪರಿಣಾಮ ಕಂಡಿತು. ಹೊರಗಿನಿಂದ ಕ್ಷೇತ್ರ ಕೊಟ್ಟಾಗ ಅದು 6.5 ಕೆಲ್ವಿನ್‌ವರೆಗೆ ಏರಿತು. ಇಷ್ಟಾಗಿಯೂ ಮ್ಯಾಂಗನೀಸ್ ಮತ್ತು ಬಿಸ್ಮತ್ ಪರಮಾಣುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವ ದೋಷ ಬಿಟ್ಟಿಲ್ಲ. ಹಲವು ಅಳತೆಗಳಲ್ಲಿ ಮೈಯ ಬಿರುಕು ಕಾಣಿಸಿಯೇ ಇಲ್ಲ. ಚೂರಿನಲ್ಲಿ ಕಂಡದ್ದು ಅಗಲವಾದ ಪದರದಲ್ಲಿ ಬಂದಾಗಲೇ ಸಾಧನದ ಮಾತು.

ಚಳಿಯ ದಾರಿಯ ಫಲ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಮಾಪನದ ಮಾತು, ಗಣಕ ಆಮೇಲೆ. 25,812.8 ಓಮ್ ಎಂಬ ಬೆಲೆ ಪ್ರಕೃತಿಯ ನಿಯತಾಂಕಗಳಿಂದ ಬರುವುದರಿಂದ ಅದು ರೋಧದ ಮಾನಕವಾಗಬಲ್ಲದು. ಈಗಿನ ಮಾನಕಗಳಿಗೆ ಹಲವು ಟೆಸ್ಲಾದ ದೊಡ್ಡ ಕಾಂತ ಬೇಕು. 2022ರಲ್ಲಿ ಜಪಾನಿನ ಮಾಪನ ಸಂಸ್ಥೆಯ ತಂಡ ಕಾಂತೀಯ ಟೋಪಾಲಜಿಕಲ್ ಪದರವನ್ನು ಒಂದು ಸಾಮಾನ್ಯ ಶಾಶ್ವತ ಕಾಂತದ ಜೊತೆಗಿಟ್ಟು ಹತ್ತು ಕೋಟಿಗೆ ಒಂದರ ಮಟ್ಟದ ನಿಖರತೆ ತೋರಿಸಿತು. ಇದೊಂದೇ ಆದರೂ ಆ ಸಾವಿರ ಮಾದರಿಗಳ ಶ್ರಮ ಸಾರ್ಥಕ.

ಈಗ ಬಿಸಿಲಿನ ದಾರಿ. 2014ರಲ್ಲಿ ಎರಡು ವರದಿ ಬಂದವು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಿತಿನ್ ಸಮರ್ಥ್ ಗುಂಪು ಬೆಳೆಸಿದ ಬಿಸ್ಮತ್ ಸೆಲೆನೈಡ್ ಪದರದ ಮೇಲೆ ನಿಕ್ಕಲ್–ಕಬ್ಬಿಣದ ಕಾಂತವಿಟ್ಟು ಕಾರ್ನೆಲ್‌ನ ಮೆಲ್‌ನಿಕ್, ರಾಲ್ಫ್ ಮೊದಲಾದವರು ಕೋಣೆಯ ಉಷ್ಣತೆಯಲ್ಲಿ 2.0ರಿಂದ 3.5ರಷ್ಟು ತಿರುಚು ದಕ್ಷತೆ ಅಳೆದರು. ಪ್ಲಾಟಿನಂಗಿಂತ ಇಪ್ಪತ್ತು ಮೂವತ್ತು ಪಟ್ಟು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕಾಂಗ್ ವಾಂಗ್ ಗುಂಪು ಕ್ರೋಮಿಯಂ ಬೆರೆಸಿದ ಪದರವನ್ನು ಶುದ್ಧ ಪದರಕ್ಕೆ ಜೋಡಿಸಿ, 1.9 ಕೆಲ್ವಿನ್‌ನಲ್ಲಿ, ಚದರ ಸೆಂಟಿಮೀಟರಿಗೆ 89,000 ಆಂಪಿಯರಿನಷ್ಟು ಅಲ್ಪ ವಿದ್ಯುತ್ತಿನಿಂದಲೇ ಕಾಂತವನ್ನು ಹೊರಳಿಸಿತು. ಭಾರಲೋಹಗಳಲ್ಲಿ ಇದಕ್ಕೆ ಹತ್ತಾರು ಪಟ್ಟು ಬೇಕು. 2018ರಲ್ಲಿ ಮಿನ್ನೆಸೋಟದಲ್ಲಿ ಮಹೇಂದ್ರ ಡಿ.ಸಿ. ಮತ್ತು ಸಂಗಡಿಗರು ಸ್ಪಟರಿಂಗ್‌ನಿಂದ ಇಳಿಸಿದ ಬಿಸ್ಮತ್ ಸೆಲೆನೈಡಿನಲ್ಲಿ 18.6, ಟೋಕಿಯೋದ ಖಾಂಗ್, ಹಾಯ್ ಮೊದಲಾದವರು ಬಿಸ್ಮತ್–ಆಂಟಿಮನಿ ಮಿಶ್ರಲೋಹದಲ್ಲಿ 52 ಎಂದು ವರದಿ ಮಾಡಿದರು.

ಈ ಸಂಖ್ಯೆಗಳನ್ನು ಕಣ್ಣುಮುಚ್ಚಿ ನಂಬಬಾರದು. ಒಂದೇ ಬಿಸ್ಮತ್ ಸೆಲೆನೈಡಿಗೆ ಬೇರೆ ಬೇರೆ ವಿಧಾನಗಳು ಕೊಟ್ಟ ಬೆಲೆಗಳಲ್ಲಿ ನೂರು ಪಟ್ಟಿಗೂ ಮೀರಿದ ಅಂತರವಿದೆ. 2017ರಲ್ಲಿ ಯಸುದ ಮತ್ತು ಸಂಗಡಿಗರು, ತಿರುಚುಬಲ ಅಳೆಯಲು ಎಲ್ಲರೂ ನೆಚ್ಚಿದ ಒಂದು ವಿಧಾನದಲ್ಲಿ ಕಾಂತದೊಳಗಿನ ಅಲೆಗಳಿಗೆ ಇಲೆಕ್ಟ್ರಾನು ಬಡಿದು ಚದುರುವುದರಿಂದಲೂ ಅದೇ ಬಗೆಯ ಸಂಕೇತ ಹುಟ್ಟುತ್ತದೆ, ಲೆಕ್ಕ ಹಿಗ್ಗಿಹೋಗುತ್ತದೆ ಎಂದು ತೋರಿಸಿದರು. ಕಾಂತ ನಿಜವಾಗಿ ಹೊರಳಿತೇ, ಎಷ್ಟು ವಿದ್ಯುತ್ತಿಗೆ ಹೊರಳಿತು ಎಂಬ ನೇರ ಲೆಕ್ಕವೇ ಹೆಚ್ಚು ಪ್ರಾಮಾಣಿಕ. ಇನ್ನೊಂದು ತೊಡಕು ಸರಳವಾದದ್ದು: ಟೋಪಾಲಜಿಕಲ್ ಪದರದ ರೋಧ ಹೆಚ್ಚು, ಮೇಲಿನ ಕಾಂತಲೋಹದ್ದು ಕಡಿಮೆ. ವಿದ್ಯುತ್ತು ಸುಲಭದ ದಾರಿ ಹಿಡಿದು ಕಾಂತದಲ್ಲೇ ಹರಿದುಹೋದರೆ ಕೆಳಗಿನ ಪದರದ ದಕ್ಷತೆ ಎಷ್ಟಿದ್ದರೇನು? ಬಿಸ್ಮತ್–ಆಂಟಿಮನಿಯ ಮೇಲೆ ನನಗೆ ಭರವಸೆ ಇರುವುದು 52 ಎಂಬ ಸಂಖ್ಯೆಯಿಂದಲ್ಲ, ಅದು ಸೆಲೆನೈಡಿಗಿಂತ ಚೆನ್ನಾಗಿ ವಿದ್ಯುತ್ತು ಬಿಡುತ್ತದೆ ಎಂಬುದರಿಂದ.

ಮೇಲೆ ಸ್ಪಟರಿಂಗ್ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ಅಯಾನುಗಳಿಂದ ಗುರಿಫಲಕವನ್ನು ಬಡಿದು ಪರಮಾಣುಗಳನ್ನು ಎಬ್ಬಿಸಿ ಬಿಲ್ಲೆಯ ಮೇಲೆ ಕೂರಿಸುವ ಈ ವಿಧಾನ ಕಾರ್ಖಾನೆಗಳದು. ಅದು ಬೇಗ ನಡೆಯುತ್ತದೆ, ಅಗಲ ಬಿಲ್ಲೆಗೆ ಒಗ್ಗುತ್ತದೆ, ಖರ್ಚು ಕಡಿಮೆ. ಅದರಲ್ಲಿ ಬರುವ ಪದರ ಒಂದೇ ಹರಳಾಗಿರುವುದಿಲ್ಲ, ಕಣಕಣವಾಗಿರುತ್ತದೆ. ಕಣಕಣವಾದರೆ ಟೋಪಾಲಜಿಯ ಗುಣ ಉಳಿಯುತ್ತದೆಯೇ? ಇದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಿಂದ 2017ರಲ್ಲಿ ಎರಡು ಉತ್ತರ ಬಂದವು, ಒಂದು ಪ್ರಯೋಗದಿಂದ, ಒಂದು ಸಿದ್ಧಾಂತದಿಂದ.

ಪ್ರಯೋಗ ಪಿ. ಎಸ್. ಅನಿಲ್ ಕುಮಾರ್ ಗುಂಪಿನದು. ಅಭಿಷೇಕ್ ಬ್ಯಾನರ್ಜಿ, ಆರ್. ಗಣೇಶನ್ ಮೊದಲಾದವರ ಜೊತೆಗೆ ಸಿದ್ಧಾಂತಿ ದೀಪ್ತಿಮಾನ್ ಸೇನ್ ಕೂಡ ಇದ್ದರು. ಬಿಸ್ಮತ್ ಸೆಲೆನೈಡಿನ ಸುಮಾರು 10 ನ್ಯಾನೋಮೀಟರ್ ಅಗಲ, 2 ನ್ಯಾನೋಮೀಟರ್ ದಪ್ಪದ ಪುಟ್ಟ ಹರಳುಗಳು ಒಂದಕ್ಕೊಂದು ತಾಗಿಯೂ ತಾಗದಂತೆ ಕೂಡಿದ ಪದರ ಅವರದು. ಒಂದೊಂದು ಹರಳೂ ತಾನೇ ಟೋಪಾಲಜಿಕಲ್ ಮೈ ಹೊಂದಲು ಸಾಲದಷ್ಟು ತೆಳು. ಆದರೂ ಇಲೆಕ್ಟ್ರಾನುಗಳು ಹರಳಿಂದ ಹರಳಿಗೆ ಸುರಂಗದಾರಿಯಲ್ಲಿ ನುಸುಳುವುದರಿಂದ ಇಡೀ ಪದರಕ್ಕೆ ಒಂದು ಮೇಲ್ಮೈ, ಒಂದು ಕೆಳಮೈ ಮೂಡಿತು. ಆ ಮೈಸ್ಥಿತಿ 2 ಕೆಲ್ವಿನ್‌ನಲ್ಲಿ ಸುಮಾರು 30 ನ್ಯಾನೋಮೀಟರ್ ಆಳಕ್ಕೆ ಇಳಿದಿತ್ತು. ಬಿಡಿಬಿಡಿಯಾಗಿ ಇಲ್ಲದ ಗುಣ ಕೂಟಕ್ಕೆ ಬಂತು. ಸಿದ್ಧಾಂತ ಅಧೀಪ್ ಅಗರ್ವಾಲಾ ಮತ್ತು ವಿಜಯ್ ಶೆಣೈ ಅವರದು. ಪರಮಾಣುಗಳನ್ನು ಯಾವ ಕ್ರಮವೂ ಇಲ್ಲದೆ ಚೆಲ್ಲಿದರೂ, ಹರಳಿನ ಹಂಗೇ ಇಲ್ಲದ ಗಾಜಿನಂಥ ವಸ್ತುವೂ ಟೋಪಾಲಜಿಕಲ್ ಇನ್ಸುಲೇಟರ್ ಆಗಬಲ್ಲದು ಎಂದು ಅವರು ತೋರಿಸಿದರು. ಅಲ್ಲಿಯತನಕ ಈ ಕ್ಷೇತ್ರದ ಹೆಚ್ಚಿನ ಗಣಿತವೆಲ್ಲ ಹರಳಿನ ಕ್ರಮಬದ್ಧತೆಯ ಮೇಲೆ ನಿಂತಿತ್ತು. 2023ರಲ್ಲಿ ಬರ್ಕ್‌ಲಿಯ ಫ್ರಾನ್ಸಿಸ್ ಹೆಲ್‌ಮನ್ ಗುಂಪು ಹರಳಾಗದ ಬಿಸ್ಮತ್ ಸೆಲೆನೈಡಿನ ಮೈಯಲ್ಲಿ ಓಟಕ್ಕೂ ಗಿರಕಿಗೂ ಇರುವ ಆ ಗಂಟನ್ನು ಕಂಡದ್ದಾಗಿ ಪ್ರಕಟಿಸಿತು. ಮಿನ್ನೆಸೋಟದ ಸ್ಪಟರ್ ಪದರ, ಬೆಂಗಳೂರಿನ ಕಣಪದರ, ಬರ್ಕ್‌ಲಿಯ ಗಾಜುಪದರ, ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಬಿಸಿಲಿನ ದಾರಿಗೆ ನಿರ್ದೋಷ ಹರಳು ಬೇಕಾಗಿಲ್ಲ ಎಂಬ ಮಾತು ಗಟ್ಟಿಯಾಗುತ್ತದೆ.

ದೋಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸದಲ್ಲೂ ಬೆಂಗಳೂರು ಹಿಂದೆ ಬಿದ್ದಿಲ್ಲ. ಅರಿಂದಮ್ ಘೋಷ್ ಗುಂಪು ಈ ವಸ್ತುಗಳಲ್ಲಿ ವಿದ್ಯುತ್ತಿನ ಸಣ್ಣ ಏರಿಳಿತವನ್ನೇ, ಎಂದರೆ ಗದ್ದಲವನ್ನೇ, ಕೇಳಿಸಿಕೊಂಡಿತು. ಸುಜಾ ಎಲಿಜಬೆತ್ ಅವರ ಪ್ರಯೋಗಾಲಯದಲ್ಲಿ ಬೆಳೆದ ಹರಳುಗಳಿಂದ ಸುಲಿದ ಚೂರುಗಳಲ್ಲೂ, ಸಮರ್ಥ್ ಗುಂಪು ಬೆಳೆಸಿ ಕಳಿಸಿದ ಅಗಲ ಪದರಗಳಲ್ಲೂ ಮೈಯ ಗದ್ದಲ ಹುಟ್ಟುವುದು ಒಡಲಿನ ದೋಷಗಳಿಂದ ಎಂದು ತೋರಿಸಿತು. ಸಂಸ್ಥೆಯ ಹರಳು ಬೆಳೆಸುವ ವಿದ್ಯೆಗೆ ಎಚ್. ಎಲ್. ಭಟ್ ಅಂಥವರ ದಶಕಗಳ ದುಡಿಮೆಯ ಹಿನ್ನೆಲೆ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಉಮೇಶ್ ವಾಘ್ಮರೆ ಲೆಕ್ಕದಿಂದಲೂ, ಕನಿಷ್ಕ ಬಿಸ್ವಾಸ್ ರಸಾಯನದಿಂದಲೂ ಇದೇ ಬಿಸ್ಮತ್ ಕುಟುಂಬವನ್ನು ನೋಡುತ್ತ ಬಂದಿದ್ದಾರೆ.

ಇನ್ನು ಬಿಸಿಲಿನ ದಾರಿಯ ಕಲ್ಲುಮುಳ್ಳು. ಬಿಸ್ಮತ್ ಕರಗುವುದು 271 ಡಿಗ್ರಿಗೆ. ಸಿಲಿಕಾನ್ ಚಿಪ್ಪಿನ ಮೇಲೆ ತಂತಿಪದರ ಹಾಕುವ ಹಂತಗಳು 400 ಡಿಗ್ರಿವರೆಗೂ ಹೋಗುತ್ತವೆ. ಸೆಲೆನಿಯಂ, ಟೆಲ್ಲೂರಿಯಂಗಳು ಮೇಲಿನ ನಿಕ್ಕಲ್, ಕಬ್ಬಿಣ, ಕೋಬಾಲ್ಟುಗಳ ಜೊತೆ ಕೂಡಿಕೊಂಡು ಗಡಿಯಲ್ಲಿ ಬೇರೆಯೇ ಸಂಯುಕ್ತವಾಗುತ್ತವೆ. ಆಗ ತಿರುಚುಬಲ ಟೋಪಾಲಜಿಕಲ್ ಮೈಯಿಂದ ಬಂತೋ ಆ ಹೊಸ ಸಂಯುಕ್ತದಿಂದ ಬಂತೋ ಹೇಳುವುದು ಕಷ್ಟ. ತೆಳುವಾದ ತಡೆಪದರ ಇಡುತ್ತಾರೆ, ಅದು ಗಿರಕಿಯನ್ನೂ ಸ್ವಲ್ಪ ತಿನ್ನುತ್ತದೆ. ಕೋಣೆಯ ಉಷ್ಣತೆ ಎಂದು ಲೇಖನಗಳಲ್ಲಿ ಬರೆಯುವ 300 ಕೆಲ್ವಿನ್ ಎಂದರೆ 27 ಡಿಗ್ರಿ. ಕವಿ ಮಧುರಚೆನ್ನರ ಊರು ಹಲಸಂಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಪಾರಾ 42ಕ್ಕೆ ಏರುವುದು ಹೊಸದಲ್ಲ, ಅದು 315 ಕೆಲ್ವಿನ್. ಅಲ್ಲಿ ಬಿಸಿಲಿಗೆ ನಿಂತ ಪಂಪ್‌ಸೆಟ್ ಪೆಟ್ಟಿಗೆಯೊಳಗಿನ ಚಿಪ್ಪು ಅದಕ್ಕಿಂತಲೂ ಕಾಯುತ್ತದೆ. ಅಲ್ಲಿ ಬರೆದದ್ದನ್ನು ಮರೆಯದ ಮೆಮರಿ ಬೇಕೆಂದರೆ ಅಳತೆಯೂ ಆ ಬಿಸಿಯಲ್ಲೇ ಆಗಬೇಕು. ಇಂಥ ಅಳತೆ ಲೇಖನಗಳಲ್ಲಿ ತೀರ ಅಪರೂಪ.

2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಇಟ್ಟಿದ್ದಾರೆ. ಟೋಪಾಲಜಿಕಲ್ ವಸ್ತುಗಳ ಹೆಸರು ಅದರ ಉದ್ದೇಶಗಳಲ್ಲೇ ಇದೆ. ಕ್ವಾಂಟಂ ಗಣಕದ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ, ವಸ್ತು ಮತ್ತು ಸಾಧನಗಳದು ದೆಹಲಿ ಐಐಟಿಗೆ. ಈ ಹಣದ ಬಹುಪಾಲು ಚಳಿಯ ದಾರಿಗೆ ಹೋಗುವುದು ಸಹಜ, ಕ್ವಾಂಟಂ ಗಣಕ ಬಯಸುವುದೇ ಚಳಿಯನ್ನು. ನನ್ನ ಆಸೆ ಬೇರೆ. ಸ್ಪಟರಿಂಗ್ ಮತ್ತು ನಿರ್ವಾತ ಲೇಪನದ ಯಂತ್ರಗಳನ್ನು ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್ 1965ರಿಂದ ಕಟ್ಟುತ್ತ ಬಂದಿದೆ. ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಸಾಧನ ಕೆತ್ತುವ ಶುಚಿಕೋಣೆ ಇದೆ. ಕಣಪದರದ ಪ್ರಯೋಗವೂ ಗಾಜುಪದರದ ಗಣಿತವೂ ಅದೇ ಆವರಣದಲ್ಲಿ ಹುಟ್ಟಿದವು. ಇಷ್ಟೆಲ್ಲ ಹತ್ತಿರ ಹತ್ತಿರ ಇರುವ ಊರುಗಳು ಲೋಕದಲ್ಲಿ ಹೆಚ್ಚಿಲ್ಲ.

ಅಲ್ಲಿ ಮೊದಲು ಆಗಬೇಕಾದ ಕೆಲಸ ಹೀಗಿದೆ ಎಂದುಕೊಂಡಿದ್ದೇನೆ: ಬಿಸ್ಮತ್–ಆಂಟಿಮನಿಯನ್ನು ಸ್ಪಟರಿಂಗ್‌ನಲ್ಲಿ ಇಳಿಸಿ, ಒಂದೇ ಬಿಲ್ಲೆಯಲ್ಲಿ ಕಣದ ಗಾತ್ರ ಮಾತ್ರ ಬೇರೆಯಾಗುವಂತೆ ನಾಲ್ಕೈದು ಪದರ ಮಾಡಿ, ಮೇಲೆ ಗಾರ್ನೆಟ್ಟಿನಂಥ ವಿದ್ಯುತ್ತು ಬಿಡದ ಕಾಂತವನ್ನೇ ಕೂರಿಸಿ, ವಿದ್ಯುತ್ತು ಕಾಂತದಲ್ಲಿ ಸೋರದ ಹಾಗೆ ಮಾಡಬೇಕು. ಆಮೇಲೆ ಕಾಂತ ಹೊರಳುವ ವಿದ್ಯುತ್ತನ್ನು 300 ಕೆಲ್ವಿನ್‌ನಲ್ಲೂ, 315ರಲ್ಲೂ, 85 ಡಿಗ್ರಿ ಸೆಲ್ಸಿಯಸ್‌ನಲ್ಲೂ ಅಳೆದು, ಆ ಬಿಲ್ಲೆಯ ಅರ್ಧವನ್ನು ಬೇರೆ ಊರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿ ಅವರೂ ಅಳೆಯುವಂತೆ ಮಾಡಬೇಕು. ಕಣ ಚಿಕ್ಕದಾದಂತೆ ತಿರುಚುಬಲ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು ಆಗ ಒಂದೇ ಗೆರೆಯಲ್ಲಿ ಕಾಣುತ್ತದೆ. ಮಿನ್ನೆಸೋಟದ 18.6 ಮತ್ತು ಟೋಕಿಯೋದ 52ರಲ್ಲಿ ಮೈಯ ಪಾಲೆಷ್ಟು, ಕಣದ ಪಾಲೆಷ್ಟು, ಗಡಿಯ ಸಂಯುಕ್ತದ ಪಾಲೆಷ್ಟು ಎಂಬ ಲೆಕ್ಕವೂ ಅಲ್ಲಿಂದ ಶುರುವಾಗುತ್ತದೆ.